ಗೆರೆ ಎಣಿಸಿ ಬಿಲ್ ಬರೆದವಳು

ಕೋಡ್ 84182, ಪ್ರಮಾಣ 13. ಅಮೆರಿಕದ ಲ್ಯಾಬ್ ಪರೀಕ್ಷೆಗಳಿಗೆ ಕೋಡ್ ಹಾಕಿ ವಿಮಾದಾರರಿಗೆ ಬಿಲ್ಲು (ಅದೇ ಕ್ಲೈಮು) ತಯಾರಿಸುವ ಬೆಂಗಳೂರಿನ ಕಚೇರಿಗೆ ನಾನು ಸೇರಿದ ಏಳನೆಯ ವಾರ ಆಡಿಟ್‌ನಿಂದ ವಾಪಸು ಬಂದ ನನ್ನ ಕ್ಲೈಮಿನಲ್ಲಿ ಈ ಸಾಲಿನ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಬಿದ್ದಿತ್ತು. ಬೇರೆ ಒಂದಕ್ಷರವಿಲ್ಲ. ತರಬೇತಿಯಲ್ಲಿರುವವರ ಕ್ಲೈಮುಗಳನ್ನು ನಮ್ಮಲ್ಲಿ ನೂರಕ್ಕೆ ನೂರು ತಿದ್ದಿ ನೋಡುತ್ತಾರೆ. ಹಾಗಾಗಿ ಅದು ಅಮೆರಿಕ ತಲುಪಿರಲಿಲ್ಲ. ತಲುಪಿದ್ದರೆ ಒಂದು ತೊಟ್ಟು ರಕ್ತಕ್ಕೆ ಹದಿಮೂರು ಪರೀಕ್ಷೆಯ ಹಣ ಕೇಳಿದ ಹೆಗ್ಗಳಿಕೆ ನನ್ನದಾಗುತ್ತಿತ್ತು.

ನಾನು ಆಡಿಟ್‌ನ ಹಿರಿಯರ ಮೇಜಿಗೆ ಹೋಗಿ ವಾದಕ್ಕೇ ನಿಂತೆ. ವಾದಿಸುವ ಹಕ್ಕಿದೆ ಎಂದೇ ನಂಬಿದ್ದೆ. ಶಂಕರಘಟ್ಟದಲ್ಲಿ ಜೀವರಸಾಯನದ ಎಂ.ಎಸ್ಸಿ. ಓದುವಾಗ ಪ್ರೋಟೀನುಗಳನ್ನು ಗೆರೆಗಳಾಗಿ ಗುರುತಿಸುವ ವೆಸ್ಟರ್ನ್ ಬ್ಲಾಟ್ ಪರೀಕ್ಷೆಯನ್ನು ಕೈಯಾರೆ ಮಾಡಿದವಳು ನಾನು. ಜೆಲ್ ಎರೆದು, ಪ್ರೋಟೀನುಗಳನ್ನು ತೂಕದ ಪ್ರಕಾರ ಓಡಿಸಿ, ತೆಳುವಾದ ಬಿಳಿ ಪೊರೆಗೆ ವರ್ಗಾಯಿಸಿ, ಆ ಪೊರೆಯನ್ನು ಕೆನೆ ತೆಗೆದ ಹಾಲಿನ ಪುಡಿಯ ದ್ರಾವಣದಲ್ಲಿ ಒಂದು ತಾಸು ಅಲುಗಾಡಿಸಬೇಕು. ಆಮೇಲೆ ಪ್ರತಿಕಾಯ (ಆಂಟಿಬಾಡಿ), ಅದರ ಮೇಲೆ ಇನ್ನೊಂದು ಪ್ರತಿಕಾಯ, ಕೊನೆಗೆ ಬಣ್ಣ. ಎಲ್ಲ ಸರಿಯಾದರೆ ಸಂಜೆಯ ಹೊತ್ತಿಗೆ ಪೊರೆಯ ಮೇಲೆ ಒಂದು ಗೆರೆ ಮೂಡುತ್ತದೆ. ನನಗೆ ಮೂರು ಸಲ ಗೆರೆಯ ಬದಲು ಕಪ್ಪು ಮಚ್ಚೆ ಮೂಡಿತ್ತು. ನಾಲ್ಕನೆಯ ಸಲ ಗೆರೆ ಕಂಡಾಗ ಹಾಸ್ಟೆಲಿನ ಗೆಳತಿಯರಿಗೆಲ್ಲ ಮಂಡಕ್ಕಿ ಕೊಡಿಸಿದ್ದೆ.

ಇಷ್ಟೆಲ್ಲ ಗೊತ್ತಿರುವವಳು ಕೋಡ್ ಪುಸ್ತಕ ಓದಿದ್ದು ಹೇಗೆಂದರೆ, ವೆಸ್ಟರ್ನ್ ಬ್ಲಾಟಿನ ಕೋಡಾದ 84182ರ ವಿವರಣೆಯಲ್ಲಿ ಗೆರೆ ಗುರುತಿಸಲು ಪ್ರತಿಕಾಯದ ಶೋಧಕ, 'ಪ್ರತಿಯೊಂದಕ್ಕೂ' ಎಂಬ ಅರ್ಥದ ಮಾತಿದೆ. ನನ್ನ ಮುಂದಿದ್ದ ವರದಿಯಲ್ಲಿ ಐಜಿಜಿ ಎಂಬ ತಲೆಬರಹದ ಕೆಳಗೆ ಹತ್ತು ಗೆರೆಗಳ ಪಟ್ಟಿ, ಐಜಿಎಂ ಕೆಳಗೆ ಮೂರು (ಇವು ಪ್ರತಿಕಾಯಗಳ ಎರಡು ಬಗೆಗಳು). ಹತ್ತು ಮತ್ತು ಮೂರು, ಹದಿಮೂರು. ಲೆಕ್ಕ ಸರಿಯಾಗಿಯೇ ಇತ್ತು!

ಹಿರಿಯರು ಕೇರಳದ ಗಡಿಯ ಕಡೆಯವರು, ಮಾತು ಕಡಿಮೆ. "ಒಂದು ಪೊರೆಯ ಪಟ್ಟಿಯ ಮೇಲೆ ಎಷ್ಟು ಗೆರೆ ಮೂಡುತ್ತವೆಯಮ್ಮಾ?" ಎಂದು ಕೇಳಿದರು. ಹತ್ತೂ ಮೂಡಬಹುದು ಎಂದೆ. "ಹಾಗಾದರೆ ಪಟ್ಟಿ ಎಷ್ಟು?" ಒಂದು ಎಂದೆ. ಹೇಳುವಾಗಲೇ ನಾಲಿಗೆ ಕಚ್ಚಿಕೊಂಡೆ. ಅಲ್ಲಿ ಶೋಧಕವಾಗಿ ಕೆಲಸ ಮಾಡಿದ್ದು ರೋಗಿಯ ಸೀರಮ್, ಎಂದರೆ ರಕ್ತದ ತಿಳಿ. ಅದನ್ನು ಒಮ್ಮೆ ಸುರಿಯುತ್ತಾರೆ. ಗೆರೆಗಳು ಅದರ ಫಲ. ಫಲವನ್ನು ಎಣಿಸಿ ಕೂಲಿ ಕೇಳುವುದಿಲ್ಲ. ಅಷ್ಟರಲ್ಲಿ ಅವರು ಇನ್ನೊಂದು ಪ್ರಶ್ನೆ ಹಾಕಿದರು: "ಇದು ಯಾವ ಕಾಯಿಲೆಯ ಪರೀಕ್ಷೆ?" ನಾನು ಮತ್ತೆ ವರದಿ ನೋಡಿದೆ. ಲೈಮ್ ಎಂದಿತ್ತು. "ಲೈಮಿಗೆ ಸ್ವಂತ ಮನೆ ಇರುವಾಗ ಬಾಡಿಗೆ ಮನೆಗೆ ಏಕೆ ಕಳಿಸಿದೆ?"

ಲೈಮ್ ಕಾಯಿಲೆ ನಮ್ಮ ಕಡೆಯವರಿಗೆ ಅರ್ಥವಾಗಬೇಕೆಂದರೆ ಮಂಗನ ಕಾಯಿಲೆಯ ಮಾತೆತ್ತಿದರೆ ಸಾಕು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಆ ಕಾಯಿಲೆಯ ಹಾಗೆ ಇದನ್ನೂ ಉಣುಗು ಕಚ್ಚಿ ಹರಡುತ್ತದೆ. ಅದು ವೈರಸ್, ಇದು ಬ್ಯಾಕ್ಟೀರಿಯಾ ಎಂಬುದೇ ವ್ಯತ್ಯಾಸ. ಕನೆಕ್ಟಿಕಟ್ ರಾಜ್ಯದ ಲೈಮ್ ಎಂಬ ಊರಿನಿಂದ ಇದಕ್ಕೆ ಈ ಹೆಸರು. ಪರೀಕ್ಷೆ ಎರಡು ಮೆಟ್ಟಿಲಿನದು. ಮೊದಲಿನದರಲ್ಲಿ ಅನುಮಾನ ಬಂದರೆ ಮಾತ್ರ ಎರಡನೆಯದಾಗಿ ಬ್ಲಾಟ್ ಮಾಡುತ್ತಾರೆ. ಐಜಿಜಿಯಲ್ಲಿ ಹತ್ತರಲ್ಲಿ ಐದು ಗೆರೆ, ಐಜಿಎಂನಲ್ಲಿ ಮೂರರಲ್ಲಿ ಎರಡು ಗೆರೆ ಇದ್ದರೆ ಪಾಸಿಟಿವ್. ಇಂಥ ಖಚಿತಪಡಿಸುವ ಬ್ಲಾಟಿಗೆ 86617 ಎಂಬ ಪ್ರತ್ಯೇಕ ಕೋಡ್ ಇದೆ. ಐಜಿಜಿಗೆ ಒಂದು, ಐಜಿಎಂಗೆ ಒಂದು, ಒಟ್ಟು ಎರಡು. ನನ್ನ ಹದಿಮೂರು ಎರಡಕ್ಕೆ ಇಳಿಯಿತು. ಅದೂ ಬೇರೆ ಕೋಡಿನ ಎರಡಕ್ಕೆ. (2019ರ ನಂತರ ಎರಡನೆಯ ಮೆಟ್ಟಿಲಿಗೂ ಬ್ಲಾಟ್ ಬೇಡ, ಮೊದಲ ಮೆಟ್ಟಿಲಿನಂಥದೇ ಇನ್ನೊಂದು ಪ್ರತಿಕಾಯ ಪರೀಕ್ಷೆ (ಇಮ್ಯುನೊಅಸ್ಸೆ) ಸಾಕು ಎಂಬ ಬದಲಿ ಕ್ರಮವೂ ಚಾಲ್ತಿಗೆ ಬಂದಿದೆ. ಹೀಗಾಗಿ ಈಗ ವರದಿಯಲ್ಲಿ ಲೈಮ್ ಎಂದು ಕಂಡೊಡನೆ ಬ್ಲಾಟ್ ಎಂದು ಊಹಿಸುವುದೂ ತಪ್ಪೇ.)

ಎಚ್‌ಐವಿ ಖಚಿತಪಡಿಸುವ ವೆಸ್ಟರ್ನ್ ಬ್ಲಾಟಿಗೂ ಹಾಗೆಯೇ 86689 ಇದೆ. 2014ರಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೊಸ ಪರೀಕ್ಷಾ ಕ್ರಮ ತಂದ ಮೇಲೆ ಅದು ಬರುವುದು ಅಪರೂಪ. ಹಾಗಾದರೆ 84182, ಅದರ ಜೊತೆಯ ಬ್ಲಾಟ್ ಕೋಡ್ 84181 ಯಾರಿಗೆ? ಯಾವ ನಿರ್ದಿಷ್ಟ ಕೋಡಿನೊಳಗೂ ಕೂರದ ಪ್ರೋಟೀನ್ ಹುಡುಕಾಟಕ್ಕೆ. ಕ್ಯಾನ್ಸರಿನ ನೆರಳಾಗಿ ಬರುವ ಕೆಲವು ನರರೋಗಗಳ ಪ್ರತಿಕಾಯಗಳನ್ನು ಬ್ಲಾಟ್ ಮೂಲಕ ಗುರುತಿಸಿದ ವರದಿಗಳು ನನ್ನ ಕೈಗೆ ಬಂದಾಗ 84182ನ್ನು ಹಾಕಿದ್ದೇನೆ. ಆಗಲೂ ಶೋಧಕ ಎಷ್ಟು ಎಂದು ಎಣಿಸಿದೆ, ಗೆರೆ ಎಷ್ಟು ಎಂದಲ್ಲ.

ಆ ದಿನದಿಂದ ಒಂದು ಅಭ್ಯಾಸ ಅಂಟಿಕೊಂಡಿದೆ. ಲ್ಯಾಬಿನ ಶುಲ್ಕದ ಹಾಳೆಯಲ್ಲಿ ಬರೆದ ಪರೀಕ್ಷೆಯ ಹೆಸರನ್ನು ನಾನು ಕೊನೆಗೆ ನೋಡುತ್ತೇನೆ. ಮೊದಲು ತೆರೆಯುವುದು ವರದಿಯ ಕಡೆಯ ಪ್ಯಾರಾ. ಹುಡುಕಿದ್ದು ಏನನ್ನು, ಓದಿದವರು ಯಾರು, ಹುಡುಕಿರೆಂದು ಕೇಳಿದವರು ಯಾರು ಎಂಬುದೆಲ್ಲ ಅಲ್ಲಿರುತ್ತದೆ. ಹೆಸರು ಕಾರ್ಯವಿಧಾನವನ್ನು ಹೇಳುತ್ತದೆ, ಬಿಲ್ಲಿಗೆ ಬೇಕಾದುದು ಉದ್ದೇಶ. ನಾನು ಓದಿದ ವಿಜ್ಞಾನವೇ ನನ್ನ ಕಣ್ಣಿಗೆ ಪಟ್ಟಿ ಕಟ್ಟಿತ್ತು ಎಂದು ಒಪ್ಪಿಕೊಳ್ಳಲು ಸ್ವಲ್ಪ ಕಾಲ ಹಿಡಿಯಿತು.

ಅಮೆರಿಕದ ಲ್ಯಾಬಿನ ಬಿಲ್ಲು ಬೆಂಗಳೂರಿನಲ್ಲಿ ಏಕೆ ತಯಾರಾಗುತ್ತದೆ ಎಂದು ಊರಿನಲ್ಲಿ ಎಲ್ಲರೂ ಕೇಳುತ್ತಾರೆ. ಅಲ್ಲಿ ರೋಗಿ ಕೌಂಟರಿನಲ್ಲಿ ದುಡ್ಡು ಕೊಟ್ಟು ರಸೀದಿ ಪಡೆಯುವುದಿಲ್ಲ. ಏನು ಮಾಡಿದರು ಎಂಬುದಕ್ಕೆ ಐದಂಕಿಯ ಸಿಪಿಟಿ ಕೋಡ್, ಏಕೆ ಮಾಡಿದರು ಎಂಬುದಕ್ಕೆ ಐಸಿಡಿ ಕೋಡ್, ಎರಡನ್ನೂ ಜೋಡಿಸಿ ವಿಮಾದಾರರಿಗೆ ಕಳಿಸಬೇಕು. ಅವರು ಒಪ್ಪಿದರೆ ಹಣ, ಇಲ್ಲವಾದರೆ ಡಿನಯಲ್. ಆ ಜೋಡಿಸುವ ಕೆಲಸದಲ್ಲಿ ಒಂದು ಪಾಲು ನಮ್ಮಂಥವರದು. ನಾವು ಕೋಡರ್‌ಗಳು ಹಗಲಿನವರು. ಅಲ್ಲಿನವರಿಗೆ ಫೋನ್ ಮಾಡಿ ಬಾಕಿ ವಿಚಾರಿಸುವ ಎಆರ್ ತಂಡದವರು ಸಂಜೆ ಬಂದು ನಮ್ಮ ಕುರ್ಚಿಗಳಲ್ಲೇ ಕೂರುತ್ತಾರೆ. ರೋಗಿಗಳ ಮಾಹಿತಿ ಹೊರಹೋಗಬಾರದೆಂದು ಫ್ಲೋರಿಗೆ ಪೆನ್ನು, ಕಾಗದ, ಮೊಬೈಲ್ ಯಾವುದನ್ನೂ ಒಯ್ಯುವಂತಿಲ್ಲ. ನೆನಪಿನಲ್ಲಿಟ್ಟುಕೊಂಡದ್ದೇ ನೋಟ್‌ಬುಕ್. ಹಾಗಾಗಿ ಇಲ್ಲಿ ಯಾವ ರೋಗಿಯ ಊರು, ವಯಸ್ಸು ಬರುವುದಿಲ್ಲ.

ಬ್ಲಾಟಿಗಿಂತ ಹೆಚ್ಚು ನನ್ನ ದಿನಗಳನ್ನು ತಿಂದದ್ದು ಸೀರಮ್ ಪ್ರೋಟೀನ್ ಎಲೆಕ್ಟ್ರೋಫೋರೆಸಿಸ್. ಎಲ್ಲರೂ ಸ್ಪೆಪ್ ಎನ್ನುತ್ತಾರೆ. ಕೋಡ್ 84165. ರಕ್ತದ ಪ್ರೋಟೀನುಗಳನ್ನು ವಿದ್ಯುತ್ತಿನಿಂದ ಬೇರೆಬೇರೆ ಮಾಡಿ ನಕ್ಷೆ ತೆಗೆಯುತ್ತಾರೆ. ಎಡಕ್ಕೆ ಆಲ್ಬುಮಿನ್ನಿನ ಎತ್ತರದ ಶಿಖರ, ಆಮೇಲೆ ಆಲ್ಫಾ, ಬೀಟಾದ ದಿಬ್ಬಗಳು, ಬಲತುದಿಯಲ್ಲಿ ಗ್ಯಾಮಾದ ಅಗಲವಾದ ಬೋರೆ. ಆ ಬೋರೆಯ ಮೇಲೆ ಒಂಟಿ ಅಡಿಕೆ ಮರದ ಹಾಗೆ ಸಪೂರವಾಗಿ ಏನಾದರೂ ಎದ್ದು ನಿಂತಿದ್ದರೆ ಒಂದೇ ಬಗೆಯ ಪ್ರತಿಕಾಯ ವಿಪರೀತ ತಯಾರಾಗುತ್ತಿದೆ ಎಂದರ್ಥ. ಅದು ಯಾವ ಬಗೆ ಎಂದು ತಿಳಿಯಲು ಇಮ್ಯುನೊಫಿಕ್ಸೇಷನ್, ಕೋಡ್ 86334. ಮೂತ್ರದಲ್ಲಿ ಹುಡುಕಿದರೆ ಇವೇ ಎರಡು ಪರೀಕ್ಷೆಗಳು 84166, 86335 ಆಗುತ್ತವೆ. ಸ್ಯಾಂಪಲ್ ಸೀರಮೋ ಮೂತ್ರವೋ ಎಂದು ನೋಡದೆ ಕೋಡ್ ಹಾಕುವವರಿದ್ದಾರೆ. ನಾನೂ ಎರಡು ಸಲ ಹಾಕಿದ್ದೇನೆ.

ಈ ಪರೀಕ್ಷೆಗಳ ವಿಶೇಷ ಏನೆಂದರೆ ಒಂದೇ ಟ್ಯೂಬಿಗೆ ಎರಡು ಬಿಲ್ಲುಗಳು ಹೋಗಬಹುದು. ಯಂತ್ರ ಓಡಿಸಿದ ಲ್ಯಾಬಿಗೆ ಒಂದು. ನಕ್ಷೆಯನ್ನು ಓದಿ ಅಭಿಪ್ರಾಯ ಬರೆದ ಪೆಥಾಲಜಿಸ್ಟಿಗೆ ಇನ್ನೊಂದು. ಅದೇ ಕೋಡಿನ ಹಿಂದೆ 26 ಎಂಬ ಮಾಡಿಫೈಯರ್ (ಕೋಡಿನ ಅರ್ಥ ತಿದ್ದುವ ಬಾಲ) ಅಂಟಿಸಿದರೆ ಅದು ವೈದ್ಯರ ಓದಿನ ಬಿಲ್ಲು. ಸಕ್ಕರೆ, ಸೋಡಿಯಂ ಮುಂತಾದ ಸಾಮಾನ್ಯ ರಕ್ತಪರೀಕ್ಷೆಗಳಲ್ಲಿ ಮೆಡಿಕೇರ್ (ಮುಖ್ಯವಾಗಿ ವಯಸ್ಸಾದವರಿಗಿರುವ ಅಲ್ಲಿನ ಸರ್ಕಾರಿ ವಿಮೆ) ಇಂಥ ಓದಿಗೆ ಹಣ ಕೊಡುವುದಿಲ್ಲ. ಮೇಲೆ ಹೇಳಿದ ಎಲೆಕ್ಟ್ರೋಫೋರೆಸಿಸ್, ಇಮ್ಯುನೊಫಿಕ್ಸೇಷನ್, 84181, 84182 ಸೇರಿದಂತೆ ಒಂದು ಚಿಕ್ಕ ಪಟ್ಟಿಗೆ ಮಾತ್ರ ಕೊಡುತ್ತದೆ. ಎಕ್ಸ್‌ರೇ ಬಿಲ್ಲು ಮಾಡಿ ಅಭ್ಯಾಸವಾದವರು ಲ್ಯಾಬಿನ ಪಾಲಿಗೆ ಟಿಸಿ, ಎಂದರೆ ಯಂತ್ರದ ಕೆಲಸ ಮಾತ್ರ ಎಂಬ ಮಾಡಿಫೈಯರ್, ಹಾಕಲು ಹೋಗುತ್ತಾರೆ. ಇಲ್ಲಿ ಟಿಸಿ ನಡೆಯುವುದಿಲ್ಲ. ಲ್ಯಾಬ್ ಬರಿಯ ಕೋಡನ್ನೇ ಕಳಿಸಬೇಕು, ಅದಕ್ಕೆ ಪ್ರಯೋಗಾಲಯಗಳ ಪ್ರತ್ಯೇಕ ದರಪಟ್ಟಿಯಿದೆ. ಇನ್ನು ವೈದ್ಯರ ಕ್ಲೈಮಿನಲ್ಲಿ 26 ಮರೆತರೆ ವಿಮಾದಾರರ ಕಣ್ಣಿಗೆ ಒಂದೇ ಪರೀಕ್ಷೆಯ ಬಿಲ್ಲು ಎರಡು ಸಲ ಬಂದಂತೆ ಕಾಣುತ್ತದೆ. ಸಿಒ-18, ಡೂಪ್ಲಿಕೇಟ್ ಎಂಬ ಮುದ್ರೆ ಬಿದ್ದು ವಾಪಸು.

ಮೂರು ಷರತ್ತುಗಳನ್ನು ನಾನು ಕಂಠಪಾಠ ಮಾಡಿದ್ದೇನೆ. ರೋಗಿಯನ್ನು ನೋಡುತ್ತಿರುವ ವೈದ್ಯರು ಆ ಓದನ್ನು ಕೇಳಿರಬೇಕು, ಪೆಥಾಲಜಿಸ್ಟ್ ಬರೆದ ವಿವರಣೆ ರೋಗಿಯ ಕಡತದಲ್ಲಿರಬೇಕು, ಮತ್ತು ಅದು ವೈದ್ಯರೊಬ್ಬರ ವಿವೇಚನೆ ಬೇಡುವ ಕೆಲಸವಾಗಿರಬೇಕು. ಪ್ರತಿ ಸಲ ಕೇಳುವ ಬದಲು ಆಸ್ಪತ್ರೆಯಲ್ಲಿ ಸ್ಥಾಯಿ ಆದೇಶವಿದ್ದರೂ ನಡೆಯುತ್ತದೆ.

ಈ ಎರಡನೆಯ ಷರತ್ತಿನ ಮೇಲೆ ನನಗೂ ಟೀಮ್ ಲೀಡರ್‌ಗೂ ಒಂದು ತಿಂಗಳು ಮುಖ ಗಂಟಾಗಿತ್ತು. ಒಂದು ಆಸ್ಪತ್ರೆಯ ಪೆಥಾಲಜಿ ತಂಡದ ಸ್ಪೆಪ್ ವರದಿಗಳು ನನ್ನ ಸರದಿಗೆ ಬಂದವು. ಮೊದಲನೆಯದರ ಕಡೆಯ ಪ್ಯಾರಾದಲ್ಲಿ, ಯಾವ ಅಸಹಜ ಗೆರೆಯೂ ಕಂಡುಬಂದಿಲ್ಲ ಎಂಬ ಒಂದು ವಾಕ್ಯ. ಎರಡನೆಯದರಲ್ಲೂ ಅದೇ. ಇಪ್ಪತ್ತನೆಯದರಲ್ಲೂ ಅದೇ, ಅಲ್ಪವಿರಾಮ ಕೂಡ ಅದೇ ಜಾಗದಲ್ಲಿ. ಸಹಿಯ ಸಮಯ ನೋಡಿದೆ. ಹನ್ನೊಂದು ವರದಿಗಳಿಗೆ ಒಂದೇ ನಿಮಿಷ, ಒಂದೇ ಸೆಕೆಂಡು. ಓದಿದ್ದು ವೈದ್ಯರಲ್ಲ, ಸಾಫ್ಟ್‌ವೇರ್ ಎಂಬ ಅನುಮಾನ ಬರಲು ಇನ್ನೇನು ಬೇಕು? ನಾನು 26 ಹಾಕದೆ ಅಷ್ಟನ್ನೂ ತಡೆಹಿಡಿದು ಪ್ರಶ್ನೆ ಕಳಿಸಿದೆ.

ತಡೆಹಿಡಿದ ಕ್ಲೈಮ್ ನಮ್ಮ ದಿನದ ಲೆಕ್ಕಕ್ಕೆ ಸೇರುವುದಿಲ್ಲ. ನನ್ನ ಪ್ರೊಡಕ್ಷನ್ ಆ ವಾರ ಪಾತಾಳಕ್ಕೆ ಇಳಿಯಿತು. "ವರದಿ ಇದೆ, ಸಹಿ ಇದೆ, ನಿಮಗೆ ಇನ್ನೇನು ಬೇಕು? ಸಹಿಯ ಗಡಿಯಾರ ನೋಡುವುದು ನಮ್ಮ ಕೆಲಸವಲ್ಲ," ಎಂದರು ಲೀಡರ್. ಅವರ ಮಾತಿನಲ್ಲೂ ಹುರುಳಿಲ್ಲದೆ ಇರಲಿಲ್ಲ. ಸಹಜ ವರದಿಗಳನ್ನು ಒಟ್ಟಿಗೆ ಓದಿ ಒಟ್ಟಿಗೆ ಸಹಿ ಮಾಡುವ ವೈದ್ಯರೂ ಇರಬಹುದು. ನಾನು ಸಿದ್ಧವಾಕ್ಯದ ಬಗ್ಗೆ ತಕರಾರು ಎತ್ತಲಿಲ್ಲ, ಸಿದ್ಧವಾಕ್ಯವನ್ನು ಆರಿಸಿದವರು ಯಾರು ಎಂದು ಮಾತ್ರ ಕೇಳಿದೆ. ಮೂರು ವಾರದ ಮೇಲೆ ಆ ಕಡೆಯಿಂದ ಉತ್ತರ ಬಂತು. ಸಹಜ ಮಿತಿಯೊಳಗಿನ ಫಲಿತಾಂಶಗಳಿಗೆ ವ್ಯವಸ್ಥೆಯೇ ವಾಕ್ಯ ತುಂಬುತ್ತದೆ, ವೈದ್ಯರು ನೋಡುವುದು ಮಿತಿ ಮೀರಿದವನ್ನು ಮಾತ್ರ. ಅವುಗಳಿಗೆ 26 ಬೇಡ ಎಂದು ಅವರೇ ಬರೆದರು. ಜೊತೆಗೆ, ಯಾವ ಸಂದರ್ಭದಲ್ಲಿ ಪೆಥಾಲಜಿಸ್ಟ್ ಓದಬೇಕು ಎಂಬ ಸ್ಥಾಯಿ ಆದೇಶವನ್ನೂ ಹೊಸದಾಗಿ ಬರೆಸಿ ಕಳಿಸಿದರು. ಲೀಡರ್ ನನಗೆ ಏನೂ ಹೇಳಲಿಲ್ಲ. ಆದರೆ ಮುಂದಿನ ತಿಂಗಳು ಆ ಆಸ್ಪತ್ರೆಯ ಸರದಿ ಪೂರ್ತಿ ನನ್ನ ತಲೆಗೆ ಬಿತ್ತು. ಅದು ಬಹುಮಾನವೋ ಶಿಕ್ಷೆಯೋ ಈಗಲೂ ತಿಳಿದಿಲ್ಲ.

26ರ ಇನ್ನೊಂದು ಮುಖ ರೋಗಿಯ ಕಡೆಗಿದೆ. ಮೆಡಿಕೇರ್‌ನಲ್ಲಿ ಲ್ಯಾಬ್ ಪರೀಕ್ಷೆಗೆ ರೋಗಿ ತನ್ನ ಪಾಲೆಂದು ಏನೂ ಕೊಡಬೇಕಿಲ್ಲ. ವೈದ್ಯರ ಓದು ಮಾತ್ರ ಬೇರೆ ದರಪಟ್ಟಿಗೆ ಸೇರಿದ್ದು. ಅದರಲ್ಲಿ ವರ್ಷಕ್ಕಿಷ್ಟೆಂದು ರೋಗಿಯೇ ಮೊದಲು ಭರಿಸಬೇಕಾದ ಮೊತ್ತ (ಡಿಡಕ್ಟಿಬಲ್) ಮುಗಿದ ಮೇಲೆ ನೂರಕ್ಕೆ ಇಪ್ಪತ್ತು ರೋಗಿಯದು. ಹೀಗಾಗಿ ರಕ್ತ ಕೊಟ್ಟು ಮರೆತೇಬಿಟ್ಟ ಅಜ್ಜಿಯೊಬ್ಬರ ಮನೆಗೆ, ಅವರು ಮುಖವನ್ನೇ ನೋಡದ ವೈದ್ಯರ ಹೆಸರಿನಲ್ಲಿ ಕೆಲವು ಡಾಲರಿನ ಚೀಟಿ ಹೋಗುತ್ತದೆ. ಎಆರ್ ತಂಡದ ಹುಡುಗರಿಗೆ ಬರುವ ಸಿಟ್ಟಿನ ಕರೆಗಳಲ್ಲಿ ಇದರ ಪಾಲು ದೊಡ್ಡದು. 'ಈ ಡಾಕ್ಟರನ್ನು ನಾನು ಕಂಡೇ ಇಲ್ಲ' ಎಂಬ ಮಾತು ನಿಜ, ಬಿಲ್ಲೂ ನಿಜ. ಎರಡೂ ನಿಜವಾಗಿರುವುದನ್ನು ಫೋನಿನಲ್ಲಿ ವಿವರಿಸುವ ಕೆಲಸ ನನಗೆ ಬಂದಿಲ್ಲವಲ್ಲ ಎಂದು ಸಮಾಧಾನಪಡುತ್ತೇನೆ.

ಇನ್ನು 'ಏಕೆ' ಎಂಬುದರ ಕೋಡ್. ಇದರಲ್ಲಿ ತಪ್ಪಿದರೆ ಹಣ ಹೋಗುವುದಷ್ಟೇ ಅಲ್ಲ, ಒಬ್ಬರ ಹಣೆಬರಹವೂ ಕೆಡುತ್ತದೆ. ವೈದ್ಯರು ಚೀಟಿಯಲ್ಲಿ ಸಾಮಾನ್ಯವಾಗಿ ಬರೆಯುವುದು 'ಮಯಲೋಮಾ ಇಲ್ಲವೆಂದು ಖಚಿತಪಡಿಸಿ' ಎಂದು. ಹೊಸಬರ ಬೆರಳು ನೇರ ಸಿ90.00ಕ್ಕೆ ಹೋಗುತ್ತದೆ. ಅದು ಮಲ್ಟಿಪಲ್ ಮಯಲೋಮಾ ಎಂಬ ಕ್ಯಾನ್ಸರಿನ ಕೋಡ್. ಇರಬಹುದು, ಅನುಮಾನ, ಖಚಿತಪಡಿಸಿ ಎಂಬ ಯಾವ ಮಾತಿಗೂ ಹೊರರೋಗಿಯ ಬಿಲ್ಲಿನಲ್ಲಿ ಕಾಯಿಲೆಯ ಕೋಡ್ ಹಾಕುವಂತಿಲ್ಲ. ರೋಗಿ ಏನೆಂದು ಬಂದರೋ ಅದನ್ನೇ ಹಾಕಬೇಕು. ರಕ್ತಹೀನತೆಯಾದರೆ ಡಿ64.9, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ ಆರ್80.9, ಸೊಂಟನೋವಾದರೆ ಎಂ54.50. ಪೆಥಾಲಜಿಸ್ಟ್ ತಮ್ಮ ವರದಿಯಲ್ಲಿ ಮಾನೋಕ್ಲೋನಲ್ ಗ್ಯಾಮೋಪತಿ ಎಂದು ಸ್ಪಷ್ಟವಾಗಿ ಬರೆದಿದ್ದರೆ ಆಗ ಡಿ47.2 ಹಾಕಬಹುದು. ನಕ್ಷೆಯಲ್ಲಿ ಅಡಿಕೆ ಮರ ನನಗೇ ಕಂಡರೂ ನಾನು ಅದನ್ನು ಕಾಯಿಲೆಯೆಂದು ಕರೆಯುವಂತಿಲ್ಲ. ಓದಿದ ಎಂ.ಎಸ್ಸಿ.ಯನ್ನು ಇಲ್ಲಿ ಬಾಗಿಲಾಚೆಗೆ ಬಿಟ್ಟು ಬರಬೇಕು.

ಇದು ನನಗೆ ಮನಸ್ಸಿಗೆ ನಾಟಿದ್ದು ಕಚೇರಿಯಲ್ಲಲ್ಲ. ಸಾಗರದಲ್ಲಿರುವ ಸೋದರಮಾವನಿಗೆ ಹಿಮೋಗ್ಲೋಬಿನ್ ಇಳಿಯುತ್ತ ಬಂದು, ಜೊತೆಗೆ ಬೆನ್ನುನೋವು. ಶಿವಮೊಗ್ಗದ ವೈದ್ಯರು ಬರೆದುಕೊಟ್ಟ ಪರೀಕ್ಷೆಗಳಲ್ಲಿ ಸ್ಪೆಪ್ ಇತ್ತು. ಮಾವ ಬಿಲ್ಲಿನ ಫೋಟೊ ಕಳಿಸಿ ಫೋನ್ ಮಾಡಿದರು. "ಪುಟ್ಟಿ, ನೀನು ಇದೇ ಕೆಲಸ ಮಾಡುವವಳಲ್ಲವೇ, ದುಡ್ಡು ಹೆಚ್ಚು ತಗೊಂಡಿದ್ದಾರೋ ನೋಡು." ಬಿಲ್ಲಿನಲ್ಲಿ ಒಂದೇ ಸಾಲು. ಪರೀಕ್ಷೆಯ ಹೆಸರು, ರೂಪಾಯಿ, ಕೆಳಗೆ 'ಪಾವತಿಸಿದೆ' ಎಂಬ ಮುದ್ರೆ. ಯಾವ ಕೋಡೂ ಇಲ್ಲ, ಏಕೆ ಮಾಡಿದರೆಂಬ ಮಾತೂ ಇಲ್ಲ. ಎಷ್ಟು ಹಾಯಾದ ಬಿಲ್ಲು ಎನ್ನಿಸಿತು. "ಹೆಚ್ಚೇನಿಲ್ಲ ಮಾವ, ವರದಿ ಬಂದಿದೆಯೇ?" ಎಂದೆ. ಬಂದಿರಲಿಲ್ಲ. ನಾಲ್ಕು ದಿನ ಕಾಯಬೇಕಿತ್ತು. ಆ ನಾಲ್ಕು ದಿನವೂ ಕಚೇರಿಯಲ್ಲಿ ರಕ್ತಹೀನತೆ, ಬೆನ್ನುನೋವು ಎಂದಿದ್ದ ಪ್ರತಿಯೊಂದು ಕ್ಲೈಮಿನಲ್ಲಿ ನನಗೆ ಮಾವನೇ ಕಂಡರು. ಇಂಥ ನಾಲ್ಕು ದಿನಗಳ ನಡುವೆ ಇರುವ ಮನುಷ್ಯನಿಗೆ ಸಿ90.00 ಬರೆದು ವಿಮಾ ಕಡತದಲ್ಲಿ ಕೂರಿಸುವುದೆಂದರೆ ಏನೆಂದು ಆಗ ಹೊಳೆಯಿತು. ಮಾವನ ನಕ್ಷೆಯಲ್ಲಿ ಗ್ಯಾಮಾ ಭಾಗ ಬರಿಯ ಬೋರೆಯಾಗಿಯೇ ಇತ್ತು. ಕಬ್ಬಿಣಾಂಶದ ಕೊರತೆ ಎಂದಾಯಿತು.

ಕ್ಯಾಲೆಂಡರ್ ಕೊಡುವ ಕಾಟವೂ ಒಂದಿದೆ. ಸಿಪಿಟಿ ಮುಖ್ಯವಾಗಿ ಬದಲಾಗುವುದು ಜನವರಿ 1ಕ್ಕೆ, ಐಸಿಡಿ ಮುಖ್ಯವಾಗಿ ಬದಲಾಗುವುದು ಅಕ್ಟೋಬರ್ 1ಕ್ಕೆ. 2021ರ ಅಕ್ಟೋಬರ್‌ನಲ್ಲಿ ಸೊಂಟನೋವಿನ ಹಳೆಯ ಎಂ54.5 ಅಮಾನ್ಯವಾಗಿ ಕೊನೆಗೊಂದು ಅಂಕಿ ಸೇರಿತು. ಮೂರು ತಿಂಗಳು ಕಳೆಯುವಷ್ಟರಲ್ಲಿ, 2022ರ ಜನವರಿಯಿಂದ, ಫ್ರೀ ಲೈಟ್ ಚೈನ್ (ಕಪ್ಪಾ, ಲ್ಯಾಂಬ್ಡಾ ಎಂಬ ಎರಡು ಬಗೆಯ, ಪ್ರತಿಕಾಯದ ಬಿಡಿ ತುಣುಕುಗಳ) ಪರೀಕ್ಷೆಗೆ 83521 ಎಂಬ ಸ್ವಂತ ಕೋಡ್ ಬಂತು. ಅಲ್ಲಿಯವರೆಗೆ ಅದನ್ನು 83883 ಎಂಬ, ಬೇರೆಲ್ಲೂ ಸೇರದ ಪ್ರೋಟೀನುಗಳ ಕೋಡಿನಲ್ಲಿ ಕಳಿಸುತ್ತಿದ್ದೆವು. ಹಳೆಯ ಕೋಡ್ ಸತ್ತಿರಲಿಲ್ಲ, ಬೇರೆ ಪ್ರೋಟೀನುಗಳಿಗೆ ಬಳಕೆಯಲ್ಲಿತ್ತು. ಅದೇ ಅಪಾಯ. ಸತ್ತ ಕೋಡನ್ನು ಸಾಫ್ಟ್‌ವೇರ್ ತಡೆಯುತ್ತದೆ, ಬದುಕಿರುವ ತಪ್ಪು ಕೋಡನ್ನು ತಡೆಯುವುದಿಲ್ಲ. ಒಂದು ಲ್ಯಾಬಿನ ದರಪಟ್ಟಿಯಲ್ಲಿ ಆ ಸಾಲನ್ನು ಯಾರೂ ತಿದ್ದದೆ ಜನವರಿಯಿಡೀ ಹಳೆಯದೇ ಹೋಯಿತು. ಫೆಬ್ರವರಿಯ ಕೊನೆಯಲ್ಲಿ ಡಿನಯಲ್‌ಗಳು ಮಳೆಗಾಲದ ಹೊಳೆಯಂತೆ ಬಂದವು. ತಿದ್ದಿ ಕಳಿಸಲು ಕೂತಾಗ ಇನ್ನೊಂದು ತಮಾಷೆ ಸಿಕ್ಕಿತು. ಯಾರೋ ಪ್ರಮಾಣ 3 ಎಂದು ಹಾಕುತ್ತಿದ್ದರು. ಕಪ್ಪಾ ಒಂದು, ಲ್ಯಾಂಬ್ಡಾ ಒಂದು, ಮೂರನೆಯದು ಯಾವುದು? ಅವೆರಡರ ಅನುಪಾತ! ಒಂದನ್ನು ಇನ್ನೊಂದರಿಂದ ಭಾಗಿಸಿದ್ದಕ್ಕೂ ಕೂಲಿ. ಹದಿಮೂರು ಎಣಿಸಿದ್ದ ನನಗೆ ನಗುವ ಅಧಿಕಾರವಿರಲಿಲ್ಲ, ಆದರೂ ನಕ್ಕೆ.

ವಾಪಸು ಬರುವ ಕ್ಲೈಮುಗಳಲ್ಲಿ ಎರಡು ಜಾತಿ. ವಿಮಾದಾರರ ಬಾಗಿಲನ್ನೇ ದಾಟದೆ ನಡುವಿನ ಕ್ಲಿಯರಿಂಗ್‌ಹೌಸಿನಲ್ಲಿ ಬಿದ್ದವು ರಿಜೆಕ್ಷನ್, ಒಳಗೆ ಹೋಗಿ ನೋಡಿಸಿಕೊಂಡು ಬೇಡವೆನ್ನಿಸಿಕೊಂಡವು ಡಿನಯಲ್. ಮೊದಲನೆಯದಕ್ಕೆ ಅಪೀಲು ಮಾಡುವ ಪ್ರಶ್ನೆಯಿಲ್ಲ, ತಿದ್ದಿ ಮತ್ತೆ ಕಳಿಸಿದರಾಯಿತು. ಆದರೆ ಕಳಿಸಬೇಕು, ಏಕೆಂದರೆ ಲೆಕ್ಕದ ಪ್ರಕಾರ ಅದು ಅಲ್ಲಿಗೆ ಹೋಗಿಯೇ ಇಲ್ಲ. ಗಡುವು ಮಾತ್ರ ಓಡುತ್ತಿರುತ್ತದೆ, ಮೆಡಿಕೇರ್‌ಗೆ ಸೇವೆಯ ದಿನದಿಂದ ಒಂದು ವರ್ಷ, ಖಾಸಗಿಯವರಿಗೆ ಅದಕ್ಕಿಂತ ಎಷ್ಟೋ ಕಡಿಮೆ. ಒಮ್ಮೆ ಒಂದು ಕಟ್ಟು ಕ್ಲೈಮುಗಳು ಹೀಗೆ ಬಾಗಿಲಲ್ಲೇ ಬಿದ್ದವು. ಲ್ಯಾಬಿನ ಪರವಾನಗಿಯಾದ ಕ್ಲಿಯಾ ಸಂಖ್ಯೆ, ಕ್ಲೈಮ್ ಕಳಿಸುವ ಸಿಎಂಎಸ್-1500 ಫಾರ್ಮಿನ 23ನೆಯ ಚೌಕದಲ್ಲಿ ಬರಬೇಕು. ಹತ್ತು ಸ್ಥಾನದ ಆ ಸಂಖ್ಯೆಯಲ್ಲಿ ಮೂರನೆಯದು ಮಾತ್ರ ಡಿ ಎಂಬ ಅಕ್ಷರ, ಉಳಿದವೆಲ್ಲ ಅಂಕಿ. ನಮ್ಮಲ್ಲಿ ಯಾರೋ ಸೊನ್ನೆಯ ಬದಲು ಇಂಗ್ಲಿಷಿನ ಓ ಅಕ್ಷರ ಹೊಡೆದಿದ್ದರು. ಕಣ್ಣಿಗೆ ಎರಡೂ ಒಂದೇ. ಅರ್ಧ ದಿನ ನಾಲ್ಕು ಜನ ಪರದೆ ದಿಟ್ಟಿಸಿದ ಮೇಲೆ, ಅಕ್ಷರದ ಗಾತ್ರ ದೊಡ್ಡದು ಮಾಡಿದಾಗ ಆ ಓ ಸೊನ್ನೆಗಿಂತ ದಪ್ಪಗೆ ಕಂಡಿತು.

ಅದಕ್ಕಿಂತ ಸೂಕ್ಷ್ಮವಾದದ್ದು ಅದೇ ಫಾರ್ಮಿನ 24-ಇ ಚೌಕ. 21ನೆಯ ಚೌಕದಲ್ಲಿ ಹನ್ನೆರಡರವರೆಗೆ ಕಾಯಿಲೆಯ ಕೋಡ್‌ಗಳನ್ನು ಎ, ಬಿ, ಸಿ ಎಂದು ಸಾಲಾಗಿ ಬರೆಯಬಹುದು. 24-ಇಯಲ್ಲಿ ಈ ಪರೀಕ್ಷೆ ಯಾವುದಕ್ಕಾಗಿ ಎಂದು ಬೆರಳು ತೋರಿಸಬೇಕು. ಒಂದು ಇಮ್ಯುನೊಫಿಕ್ಸೇಷನ್‌ನ ಓದಿಗೆ ಸಿಒ-50 ಬಂತು, ವೈದ್ಯಕೀಯ ಅಗತ್ಯ ಕಾಣುತ್ತಿಲ್ಲ ಎಂದು. ಹಿಡಿದು ನೋಡಿದರೆ ರೋಗಿಯ ರಕ್ತಹೀನತೆ, ಸ್ಪೆಪ್‌ನಲ್ಲಿ ಕಂಡ ಅಸಹಜತೆ ಎಲ್ಲವೂ ಕ್ಲೈಮಿನಲ್ಲಿದ್ದವು, ಬಿ ಮತ್ತು ಸಿಯಲ್ಲಿ. ಬೆರಳು ಮಾತ್ರ ಎ ಕಡೆಗಿತ್ತು, ಅಲ್ಲಿದ್ದದ್ದು ಸೊಂಟನೋವು. ಸೊಂಟನೋವಿಗೆ ಇಮ್ಯುನೊಫಿಕ್ಸೇಷನ್ ಏಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇದಕ್ಕೆ ಉದ್ದದ ಅಪೀಲು ಬರೆಯಲು ಸಹೋದ್ಯೋಗಿಯೊಬ್ಬ ಕೂತಿದ್ದ, ಎರಡು ಪುಟ ಆಗಿತ್ತು ಕೂಡ. ತಪ್ಪು ನಮ್ಮದಾದಾಗ ಅಪೀಲು ಬೇಡ, ತಿದ್ದುಪಡಿ ಸಾಕು ಎಂದು ಅವನನ್ನು ಎಬ್ಬಿಸಿದೆ. ಎ ಇದ್ದಲ್ಲಿ ಬಿ, ಸಿ. ಹಣ ಬಂತು.

ನಿಜವಾದ ಅಪೀಲು ಈಗ ಒಂದು ನಡೆಯುತ್ತಿದೆ. ವೈದ್ಯರು ಬರೆದದ್ದು ಸ್ಪೆಪ್ ಮಾತ್ರ. ಗ್ಯಾಮಾ ಭಾಗದಲ್ಲಿ ಸಪೂರದ ಗೆರೆ ಕಂಡದ್ದರಿಂದ ಲ್ಯಾಬ್ ಇಮ್ಯುನೊಫಿಕ್ಸೇಷನ್ ಮಾಡಿತು, ಪೆಥಾಲಜಿಸ್ಟ್ ಅರ್ಧ ಪುಟ ಅಭಿಪ್ರಾಯ ಬರೆದರು. ಚೆನ್ನಾಗಿ, ಯೋಚಿಸಿ ಬರೆದ ಅರ್ಧ ಪುಟ. ಮೆಡಿಕೇರ್ ಪರವಾಗಿ ಕ್ಲೈಮ್ ನೋಡುವ ಗುತ್ತಿಗೆದಾರರು ಈ ಎರಡನೆಯ ಪರೀಕ್ಷೆಯನ್ನು ಯಾರೂ ಕೇಳಿಲ್ಲವಲ್ಲ ಎಂದರು. ಚೀಟಿ ನೋಡಿದರೆ ಅವರು ಹೇಳಿದ್ದು ಸರಿ. ಆದರೆ ಆಸ್ಪತ್ರೆಯಲ್ಲಿ ಇದಕ್ಕೊಂದು ಬರೆದಿಟ್ಟ ಕ್ರಮವಿದೆ. ಇಂಥ ಗೆರೆ ಕಂಡರೆ ಮುಂದಿನ ಪರೀಕ್ಷೆ ತಾನಾಗಿ ಆಗಬೇಕು, ಬೇಡವೆಂದರೆ ವೈದ್ಯರು ಚೀಟಿಯಲ್ಲಿ ಗುರುತು ಹಾಕಬೇಕು. ಆ ಕ್ರಮದ ಪ್ರತಿ, ಅದನ್ನು ಅಂಗೀಕರಿಸಿದ ದಿನಾಂಕ, ನಕ್ಷೆ, ಅರ್ಧ ಪುಟದ ಓದು, ಮುಂದಿನ ಭೇಟಿಯಲ್ಲಿ ವೈದ್ಯರು ಆ ಫಲಿತಾಂಶವನ್ನು ಬಳಸಿಕೊಂಡು ರೋಗಿಯನ್ನು ರಕ್ತತಜ್ಞರಿಗೆ ಕಳಿಸಿದ ಟಿಪ್ಪಣಿ, ಇಷ್ಟನ್ನು ಲಗತ್ತಿಸಿ ಒಂದೇ ಪುಟದ ಪತ್ರ ಬರೆದೆ. ಪತ್ರದಲ್ಲಿ ವಿಶೇಷಣಗಳಿಲ್ಲ. ಎಲ್ಲ ವಾಕ್ಯಗಳೂ ಲಗತ್ತಿನ ಯಾವ ಪುಟದ ಯಾವ ಸಾಲನ್ನು ನೋಡಬೇಕು ಎಂದಷ್ಟೇ ಹೇಳುತ್ತವೆ. ಕಳಿಸಲು 120 ದಿನಗಳ ಅವಕಾಶವಿತ್ತು, 30ನೆಯ ದಿನ ಕಳಿಸಿದೆ. ಅವರು ಸಾಮಾನ್ಯವಾಗಿ 60 ದಿನಗಳೊಳಗೆ ತೀರ್ಮಾನ ತಿಳಿಸುತ್ತಾರೆ.

ಕಳಿಸಿ ಇವತ್ತಿಗೆ 41 ದಿನ. ಬೆಳಿಗ್ಗೆ ಹೋದೊಡನೆ ಮೊದಲು ಆ ಕ್ಲೈಮಿನ ಸ್ಥಿತಿ ತೆರೆದು ನೋಡುತ್ತೇನೆ. 'ಪರಿಶೀಲನೆಯಲ್ಲಿದೆ' ಎಂದಿರುತ್ತದೆ. ಮುಚ್ಚಿ ದಿನದ ಸರದಿ ತೆಗೆಯುತ್ತೇನೆ.